ರಿಸ್ಟೋರ್ ಮಾಡಿ ನೋಡಿದ್ದೀಯಾ, ಪುಟ್ಟಿ?

ಪ್ರೀತಿಯ ಪುಟ್ಟಿಗೆ,

ಪೀಣ್ಯದ ಕಾರ್ಖಾನೆಯ ಸರ್ವರ್ ರೂಮಿನ ಬೀಗದ ಕೈ ಈಗ ನಿನ್ನ ಹತ್ತಿರವಿದೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಾಗ ನನಗೂ ನಿನ್ನ ಅತ್ತೆಗೂ ಆದ ಸಂತೋಷ ಅಷ್ಟಿಷ್ಟಲ್ಲ. ಮೇಲ್ ಸರ್ವರ್, ಇಆರ್‌ಪಿಯ ಡೇಟಾಬೇಸ್, ಅಕೌಂಟ್ಸ್‌ನವರ ಟ್ಯಾಲಿ, ಮೂರನ್ನೂ ನಿನ್ನ ಕೈಗೆ ಕೊಟ್ಟಿದ್ದಾರೆ ಅಂದರೆ ನಿನ್ನ ಮೇಲೆ ನಂಬಿಕೆ ಇಟ್ಟಿದ್ದಾರೆ. ಮೊನ್ನೆ ನೀನು ಕಳಿಸಿದ ಮೆಸೇಜಿನಲ್ಲಿ ಒಂದು ಸಾಲಿತ್ತು: "ದಿನಾ ಬೆಳಿಗ್ಗೆ ಬ್ಯಾಕಪ್ ಸಕ್ಸಸ್ ಅಂತ ಮೇಲ್ ಬರುತ್ತೆ ಮಾವ, ಎಲ್ಲಾ ಹಸಿರು." ಆ ಸಾಲಿಗಾಗಿಯೇ ಈ ಕಾಗದ.

ಆ ಮೇಲ್ ಹೇಳುವುದು ಬಹಳ ಕಡಿಮೆ. ರಾತ್ರಿ ಒಂದು ಪ್ರೋಗ್ರಾಂ ಓಡಿತು, ಎಲ್ಲೋ ಒಂದಷ್ಟು ಬರೆಯಿತು, ತಕರಾರಿಲ್ಲದೆ ಮುಗಿಸಿತು ಎಂದಷ್ಟೇ. ಬರೆದದ್ದನ್ನು ಮತ್ತೆ ಓದಲು ಆಗುತ್ತದೆಯೇ, ಓದಿದ್ದರಿಂದ ನಿಮ್ಮ ಕಂಪನಿ ಮತ್ತೆ ನಡೆಯುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದವನಾಗಿ ನಿನಗೆ ಕೊಡಬಹುದಾದದ್ದು ಈ ಒಂದು ಮಾತು. ಮುಂದೆ ಬರೆಯುವುದೆಲ್ಲ ಅದರ ವಿವರ.

ಗಿಟ್‌ಲ್ಯಾಬ್ ನಿನಗೆ ಗೊತ್ತೇ ಇದೆ, ಕಾಲೇಜಿನಲ್ಲಿ ಬಳಸಿದವಳು ನೀನು. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರಿನ ಫೋಲ್ಡರ್ ಖಾಲಿ ಮಾಡುತ್ತಿದ್ದೇನೆ ಅಂದುಕೊಂಡು ಮುಖ್ಯ ಸರ್ವರಿನದನ್ನೇ ಅಳಿಸಿದ. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರು. ದಿನವೂ ಪಿಜಿ ಡಂಪ್ ಹೋಗಬೇಕಾಗಿದ್ದ ಎಸ್3 ಬಕೆಟ್ ತೆರೆದರೆ ಬರಿದು. ಸರ್ವರ್ ಪೋಸ್ಟ್‌ಗ್ರೆಸ್ 9.6ರಲ್ಲಿದ್ದರೆ ಡಂಪ್ ತೆಗೆಯುವ ಪ್ರೋಗ್ರಾಂ 9.2ರದ್ದಾಗಿತ್ತು, ಪ್ರತಿ ಸಲವೂ ಅದು ಫೇಲ್ ಆಗುತ್ತಿತ್ತು. ಫೇಲ್ ಆಯಿತು ಎಂದು ತಿಳಿಸುವ ಮೇಲ್‌ಗಳೂ ಹೊರಡುತ್ತಿದ್ದವು, ಆದರೆ ಡಿಮಾರ್ಕ್ ದೃಢೀಕರಣ ಇಲ್ಲವೆಂದು ಎದುರಿನ ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಯಾರಿಗೂ ಏನೂ ಬರಲಿಲ್ಲ. ಬರದಿದ್ದದ್ದನ್ನು ಎಲ್ಲರೂ ಕ್ಷೇಮಸಮಾಚಾರ ಎಂದುಕೊಂಡರು.

ಕೊನೆಗೆ ಅವರನ್ನು ಉಳಿಸಿದ್ದು ಬೇರೊಂದು ಪರೀಕ್ಷೆಗೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಅದೂ ನಿಧಾನದ ಡಿಸ್ಕಿನ ಮೇಲಿತ್ತು. ನಕಲು ಮಾಡುವುದಕ್ಕೇ ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಯಲ್ಲಿ ಜನ ಮಾಡಿದ್ದ ಸುಮಾರು 5,000 ಪ್ರಾಜೆಕ್ಟು, ಅಷ್ಟೇ ಕಾಮೆಂಟು, 700ರಷ್ಟು ಹೊಸ ಖಾತೆ ಹೋಗಿಯೇ ಹೋದವು. ಆ ಕಂಪನಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಮೇಲೆ. ನಡೆದದ್ದನ್ನೆಲ್ಲ ಬಚ್ಚಿಡದೆ ಬರೆದು ಪ್ರಕಟಿಸಿದರು, ರಿಕವರಿ ನಡೆಯುವಾಗಲೇ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು, ಕಮಾಂಡ್ ಹೊಡೆದ ಹುಡುಗನನ್ನು ಬಲಿಕೊಡಲಿಲ್ಲ. ಆ ವರದಿಯನ್ನು ಒಂದು ಭಾನುವಾರ ಕೂತು ಪೂರ್ತಿ ಓದು.

ನಿನ್ನ ಹಸಿರು ಮೇಲ್ ವಿಚಾರಕ್ಕೆ ಬಂದರೆ, ಮೇಲ್ ಬಾರದ ದಿನ ಕೂಗೆಬ್ಬಿಸುವ ಒಂದು ವ್ಯವಸ್ಥೆ ಇರಲಿ. ಅದು ಆ ಮೇಲ್ ಸರ್ವರಿನ ಮೇಲೆಯೇ ನಿಂತಿರಬಾರದು. ಫೋನಿಗೆ ಎಸ್‌ಎಂಎಸ್ ಬಂದರೂ ಸಾಕು.

ಈಗ ಡೇಟಾಬೇಸಿನ ಒಳಗಿನ ಮಾತು. ನಿನ್ನ ತಾತನ ಕಾಲದ ಮಂಡಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ವ್ಯವಹಾರ ನಡೆದ ಕ್ಷಣದಲ್ಲೇ ಗೀಚುವ ದಿನವಹಿ ಒಂದು, ನಿಧಾನವಾಗಿ ಕೂತು ಹೆಸರಿನವಾರು ಏರಿಸುವ ಖಾತೆಪುಸ್ತಕ ಇನ್ನೊಂದು. ಖಾತೆಪುಸ್ತಕ ಮಳೆಗೆ ನೆನೆದರೂ ಹಿಂದಿನ ವರ್ಷದ ಅಖೈರು ಬಾಕಿ ಮತ್ತು ದಿನವಹಿ ಇದ್ದರೆ ಗುಮಾಸ್ತ ಮತ್ತೆ ಬರೆದುಬಿಡುತ್ತಿದ್ದ. ಟ್ರಾನ್ಸಾಕ್ಷನ್ ಲಾಗ್ ಅಂದರೆ ಆ ದಿನವಹಿ. ಎಸ್‌ಕ್ಯೂಎಲ್ ಸರ್ವರ್ ಇರಲಿ, ಪೋಸ್ಟ್‌ಗ್ರೆಸ್ ಇರಲಿ, ಎಕ್ಸ್‌ಚೇಂಜ್ ಇರಲಿ, ಎಲ್ಲವೂ ಮೊದಲು ಲಾಗ್ ಬರೆದು ಆಮೇಲೆ ಡೇಟಾ ಫೈಲ್ ಮುಟ್ಟುತ್ತವೆ. ಹಾಗಾಗಿ ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್‌ಗಳಲ್ಲಿ ಒಂದು ಫುಲ್ ಬ್ಯಾಕಪ್, ಅದರ ಬೆನ್ನಿಗೆ ಸರಪಳಿ ಕಡಿಯದ ಲಾಗ್ ಬ್ಯಾಕಪ್‌ಗಳಿದ್ದರೆ ಬೇಕಾದ ನಿಮಿಷಕ್ಕೆ ಹಿಂದಿರುಗಬಹುದು.

ಆ ಸರಪಳಿ ಹೇಗೆ ಕಡಿಯುತ್ತದೆ ಎಂದು ಒಂದು ಕಾರ್ಖಾನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಹೆಸರು ಬೇಡ. ಭಾನುವಾರ ರಾತ್ರಿ ಫುಲ್ ಬ್ಯಾಕಪ್, ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್, ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು. ಮಂಗಳವಾರ ಮಧ್ಯಾಹ್ನ ಲಾಗ್ ಡಿಸ್ಕ್ ತುಂಬಿ ಇಆರ್‌ಪಿ ನಿಂತಿತು. ಅಲ್ಲಿದ್ದವರು ಎಸ್‌ಕ್ಯೂಎಲ್ ಸರ್ವರಿನ ರಿಕವರಿ ಮಾಡೆಲ್ ಅನ್ನು ಫುಲ್‌ನಿಂದ ಸಿಂಪಲ್‌ಗೆ ಬದಲಿಸಿ, ಲಾಗ್ ಕುಗ್ಗಿಸಿ, ಮತ್ತೆ ಫುಲ್‌ಗೆ ತಂದರು. ಐದು ನಿಮಿಷದಲ್ಲಿ ಕೆಲಸ ಶುರು, ಎಲ್ಲರಿಗೂ ಖುಷಿ. ಸಿಂಪಲ್‌ಗೆ ಹೋದ ಕ್ಷಣವೇ ಸರಪಳಿ ಕಡಿದಿತ್ತು. ಇನ್ನೊಂದು ಫುಲ್ ಅಥವಾ ಡಿಫರೆನ್ಷಿಯಲ್ ಬ್ಯಾಕಪ್ ತೆಗೆಯುವವರೆಗೆ ಲಾಗ್ ಬ್ಯಾಕಪ್ ಆಗುವಂತೆಯೇ ಇರಲಿಲ್ಲ. ಅರ್ಧ ಗಂಟೆಗೊಮ್ಮೆ ಅದು ಫೇಲ್ ಆಗುತ್ತಾ ಹೋಯಿತು, ಎಚ್ಚರಿಕೆಯ ಮೇಲ್ ಕೆಲಸ ಬಿಟ್ಟು ಹೋದವರೊಬ್ಬರ ಐಡಿಗೆ ಹೋಗುತ್ತಿತ್ತು. ಗುರುವಾರ ರಾತ್ರಿ ರೇಡ್ ಕಂಟ್ರೋಲರ್ ಕೈಕೊಟ್ಟಿತು, ಡೇಟಾ ಡಿಸ್ಕೂ ಹೋಯಿತು, ಲಾಗ್ ಡಿಸ್ಕೂ ಹೋಯಿತು.

ಮಂಗಳವಾರ ಮಧ್ಯಾಹ್ನದವರೆಗಿನದು ಬಂತು. ಅಲ್ಲಿಂದ ಮುಂದಿನದನ್ನು ಸ್ಟೋರ್ಸ್ ಮತ್ತು ಡಿಸ್ಪ್ಯಾಚ್‌ನ ಹೆಣ್ಣುಮಕ್ಕಳು ಕೈಯಿಂದ ಕಟ್ಟಿದರು. ಗೇಟಿನ ಸೆಕ್ಯೂರಿಟಿಯವರ ಇನ್‌ವರ್ಡ್ ರಿಜಿಸ್ಟರ್, ಡೆಲಿವರಿ ಚಲನ್‌ಗಳ ಮೂರನೇ ಪ್ರತಿ, ಸರ್ಕಾರಿ ಪೋರ್ಟಲ್‌ನಿಂದ ಇಳಿಸಿಕೊಂಡ ಇ-ವೇ ಬಿಲ್‌ಗಳು, ಇವನ್ನು ಟೇಬಲ್ ಮೇಲೆ ಹರಡಿಕೊಂಡು ಒಂದೊಂದೇ ಜಿಆರ್‌ಎನ್, ಅಂದರೆ ಸರಕು ಬಂದ ರಸೀದಿ, ಮತ್ತೆ ಎಂಟ್ರಿ ಮಾಡಿದರು. ಶನಿವಾರ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು ಕೂತಿದ್ದರು. ಡೇಟಾ ಅಂದರೆ ಯಾರೋ ಒಬ್ಬರು ಬೆನ್ನು ಬಗ್ಗಿಸಿ ಮಾಡಿದ ದುಡಿಮೆ, ಪುಟ್ಟಿ. ಅದನ್ನು ಅವರಿಂದ ಎರಡು ಸಲ ಮಾಡಿಸಬಾರದು.

ಹಾಗಾಗಿ ಕೆಲವು ಸೂಕ್ಷ್ಮಗಳನ್ನು ಈಗಲೇ ಮನಸ್ಸಿನಲ್ಲಿಟ್ಟುಕೋ. ಡೇಟಾ ಡಿಸ್ಕ್ ಹೋಗಿ ಲಾಗ್ ಡಿಸ್ಕ್ ಉಳಿದಿದ್ದರೆ ರಿಸ್ಟೋರ್‌ಗೆ ಕೈಹಾಕುವ ಮೊದಲು ಟೇಲ್ ಲಾಗ್ ಬ್ಯಾಕಪ್ ತೆಗೆ. ಕೊನೆಯ ಅರ್ಧ ಗಂಟೆಯ ಕೆಲಸ ಅದರಲ್ಲೇ ಇರುತ್ತದೆ, ಗಾಬರಿಯಲ್ಲಿ ಬಹಳ ಜನ ಮರೆಯುವುದು ಅದನ್ನೇ. ಯಾರೋ ವೇರ್ ಕಂಡಿಷನ್ ಇಲ್ಲದೆ ಅಪ್‌ಡೇಟ್ ಹೊಡೆದು ಎಲ್ಲ ಗಿರಾಕಿಗಳಿಗೂ ಒಂದೇ ರೇಟ್ ಮಾಡಿದ ದಿನ, ಚಾಲೂ ಡೇಟಾಬೇಸಿನ ಮೇಲೆ ರಿಸ್ಟೋರ್ ಮಾಡಬೇಡ. ಬೇರೆ ಹೆಸರಿನಲ್ಲಿ ಪಕ್ಕಕ್ಕೆ ರಿಸ್ಟೋರ್ ಮಾಡಿ, ತಪ್ಪು ನಡೆದ ಒಂದು ನಿಮಿಷ ಮೊದಲಿಗೆ ನಿಲ್ಲಿಸಿ, ಬೇಕಾದ ಟೇಬಲ್ ಮಾತ್ರ ಎತ್ತಿಕೋ. ವೆರಿಫೈ ಓನ್ಲಿ ಪಾಸ್ ಆಯಿತೆಂದು ನಿರಾಳವಾಗಬೇಡ; ಅದು ಫೈಲ್ ಓದಲು ಬರುತ್ತದೆಯೇ ಎಂದು ನೋಡುತ್ತದೆ, ಒಳಗಿನ ಪೇಜ್‌ಗಳ ಆರೋಗ್ಯ ಗೊತ್ತಾಗುವುದು ನಿಜವಾಗಿ ರಿಸ್ಟೋರ್ ಮಾಡಿ ಚೆಕ್ ಡಿಬಿ ಓಡಿಸಿದಾಗಲೇ.

ಎಕ್ಸ್‌ಚೇಂಜ್‌ನಲ್ಲೂ ಇದೇ ಕಥೆ, ಅಪಾಯ ಸ್ವಲ್ಪ ಹೆಚ್ಚು. ಅಲ್ಲಿ ಲಾಗ್‌ಗಳು ಒಂದೊಂದೂ 1 ಎಂಬಿಯ ಪುಟ್ಟ ಫೈಲ್‌ಗಳು, ಸಾವಿರಗಟ್ಟಲೆ ಬೆಳೆಯುತ್ತವೆ. ಬ್ಯಾಕಪ್ ಸರಿಯಾಗಿ ಮುಗಿದಾಗ ಹಳೆಯವನ್ನು ಎಕ್ಸ್‌ಚೇಂಜೇ ತೆಗೆದುಹಾಕುತ್ತದೆ. ಆದ್ದರಿಂದ ಲಾಗ್ ಡ್ರೈವ್ ತುಂಬುತ್ತಿದೆ ಅಂದರೆ ಹಲವು ದಿನಗಳಿಂದ ಬ್ಯಾಕಪ್ ಆಗಿಲ್ಲ ಎಂದೇ ಮೊದಲು ಶಂಕಿಸು. ತುಂಬಿದ ಕೂಡಲೇ ಡೇಟಾಬೇಸ್ ಡಿಸ್‌ಮೌಂಟ್ ಆಗುತ್ತದೆ, ಎಂಡಿಯವರ ಫೋನ್ ಬರುತ್ತದೆ, ಕೈ ತಾನಾಗಿಯೇ ಡಿಲೀಟ್ ಕೀ ಮೇಲೆ ಹೋಗುತ್ತದೆ. ಹೋಗಬಾರದು. ಎಕ್ಸ್‌ಚೇಂಜ್‌ನ ಇಎಸ್‌ಇ ಯುಟಿಲ್ ಸಾಧನದಿಂದ ಡೇಟಾಬೇಸ್ ಫೈಲಿನ ಹೆಡರ್ ಓದಿಸಿದಾಗ "ಡರ್ಟಿ ಶಟ್‌ಡೌನ್" ಎಂದು ಕಂಡರೆ ಗಾಬರಿ ಬೇಡ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಲಾಗ್ ಬೇಕು ಎಂದು ಅದೇ ಪರದೆಯಲ್ಲಿ ಬರೆದಿರುತ್ತದೆ. ಆ ಫೈಲ್‌ಗಳಿದ್ದರೆ ಎಲ್ಲವೂ ಕ್ಷೇಮವಾಗಿ ಬರುತ್ತದೆ, ಅಳಿಸಿದ್ದರೆ ಬರುವುದಿಲ್ಲ. ಇಎಸ್‌ಇ ಯುಟಿಲ್‌ನ ರಿಪೇರಿ ಆಯ್ಕೆ ಕಟ್ಟಕಡೆಯ ಮದ್ದು. ಓದಲಾಗದ ಪೇಜ್‌ಗಳನ್ನು ಅದು ಕಿತ್ತು ಎಸೆಯುತ್ತದೆ, ಆ ಪೇಜ್‌ನಲ್ಲಿ ಯಾರ ಮೇಲ್ ಇತ್ತು ಎಂದು ಹೇಳುವುದೂ ಇಲ್ಲ. ಮೂಲ ಫೈಲಿನ ನಕಲು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳದೆ ಅದನ್ನು ಮುಟ್ಟಲೇಬೇಡ.

ಮೇಲ್ ನಿಂತಾಗ ನಿನಗೆ ಧೈರ್ಯ ಕೊಡುವ ಎರಡು ಸಂಗತಿ ಹೇಳುತ್ತೇನೆ. ನಿಮ್ಮ ಸರ್ವರ್ ಸ್ತಬ್ಧವಾಗಿದ್ದರೂ ಹೊರಗಿನಿಂದ ಬರುವ ಮೇಲ್ ತಕ್ಷಣ ಕಳೆದುಹೋಗುವುದಿಲ್ಲ. ಕಳಿಸುವ ಸರ್ವರ್ ಅದನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಸ್‌ಎಂಟಿಪಿಯ ನಿಯಮ ಕನಿಷ್ಠ 4-5 ದಿನ ಪ್ರಯತ್ನಿಸಬೇಕು ಎನ್ನುತ್ತದೆ. ಕೆಲವರು ಒಂದೆರಡು ದಿನಕ್ಕೇ ಕೈಬಿಡುತ್ತಾರೆ ಎಂಬುದು ನೆನಪಿರಲಿ, ಆದರೂ ಅಂಥ ರಾತ್ರಿಯಲ್ಲಿ ಊಟ ಮಾಡಿಕೊಂಡು ಬಂದು ಕೂರುವಷ್ಟು ಸಮಯ ನಿನಗಿದೆ. ಇನ್ನೊಂದು, ಡಯಲ್ ಟೋನ್ ರಿಕವರಿ. ನೂರಾರು ಜಿಬಿ ಹಳೆಯ ಮೇಲ್ ವಾಪಸ್ ಬರುವವರೆಗೆ ಎಲ್ಲರನ್ನೂ ಕಾಯಿಸುವ ಬದಲು, ಖಾಲಿ ಡೇಟಾಬೇಸ್ ಒಂದನ್ನು ಮೌಂಟ್ ಮಾಡಿ ಜನ ಈಗಿನಿಂದಲೇ ಮೇಲ್ ಕಳಿಸಿ ತರಿಸಿಕೊಳ್ಳುವಂತೆ ಮಾಡುವುದು. ಹಳೆಯದನ್ನು ಹಿಂದೆ ನಿಧಾನವಾಗಿ ರಿಸ್ಟೋರ್ ಮಾಡಿ ಬೆರೆಸುವುದು. ಎಕ್ಸ್‌ಚೇಂಜ್ ಮಾಡಿದವರ ಒಳ್ಳೆಯ ಆಲೋಚನೆಗಳಲ್ಲಿ ಇದೊಂದು ಎಂದು ನನ್ನ ಎಣಿಕೆ. ಕೊಟೇಷನ್ ಕಳಿಸಲೇಬೇಕಾದ ಸೇಲ್ಸ್ ಹುಡುಗನಿಗೆ ಹಳೆಯ ಮೇಲ್ ಸಂಜೆ ಬಂದರೂ ನಡೆಯುತ್ತದೆ.

ನಮ್ಮಲ್ಲಿ ಎರಡು ಸರ್ವರ್‌ನಲ್ಲಿ ನಕಲು ಓಡುತ್ತದಲ್ಲ, ಬ್ಯಾಕಪ್ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಜಿಮೇಲ್‌ನ ಕಥೆ ಹೇಳು. 2011ರ ಫೆಬ್ರವರಿ ಕೊನೆಯಲ್ಲಿ ಗೂಗಲ್‌ನ ಸ್ಟೋರೇಜ್ ತಂತ್ರಾಂಶದ ಹೊಸ ಆವೃತ್ತಿಯಲ್ಲಿದ್ದ ದೋಷವೊಂದು ಶೇ. 0.02ರಷ್ಟು ಬಳಕೆದಾರರ ಮೇಲ್‌ಬಾಕ್ಸ್ ಬರಿದು ಮಾಡಿತು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ನಕಲುಗಳಿಗೂ ಅದೇ ದೋಷ ತಗುಲಿತು. ಅವರು ಅವನ್ನು ಮರಳಿ ತಂದದ್ದು ಟೇಪಿನಿಂದ. ಯಾವ ತಂತಿಗೂ ಸಿಕ್ಕಿಸದೆ ಇಟ್ಟಿದ್ದ ಟೇಪಿಗೆ ಆ ದೋಷ ಮುಟ್ಟಲಿಲ್ಲ. ರೆಪ್ಲಿಕೇಷನ್ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ.

ರ‍್ಯಾನ್ಸಮ್‌ವೇರ್ ಬಂದಮೇಲಂತೂ ತಂತಿಯಿಂದ ಬಿಡಿಸಿಟ್ಟ ಒಂದು ಪ್ರತಿ ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ನುಗ್ಗಿದವರು ಮೊದಲು ಹುಡುಕುವುದು ಬ್ಯಾಕಪ್ ಸರ್ವರನ್ನು. ಅದು ಅದೇ ಡೊಮೇನ್‌ನಲ್ಲಿ, ಅದೇ ಅಡ್ಮಿನ್ ಪಾಸ್‌ವರ್ಡ್‌ನಲ್ಲಿ ಇದ್ದರೆ ಅವರ ಕೆಲಸ ಹಗುರ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಲ್ಲಿ ಸುಮಾರು 1.3 ಟಿಬಿ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿಬಿಟ್ಟರು. ಹೊರರೋಗಿಗಳ ಚೀಟಿಗಳನ್ನು ದಿನಗಟ್ಟಲೆ ಕೈಯಲ್ಲಿ ಬರೆಯಬೇಕಾಯಿತು. ದಾಳಿಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಇ-ಹಾಸ್ಪಿಟಲ್‌ನ ಮಾಹಿತಿ ಮರಳಿ ಬಂತು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು.

ನೀನು ಕೇಳದೆಯೇ ಇನ್ನೊಂದು ಹೇಳಬೇಕು, ಇದನ್ನು ಪುಸ್ತಕಗಳು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ. ನಿನ್ನ ಎಕ್ಸ್‌ಚೇಂಜ್ ತನ್ನಷ್ಟಕ್ಕೆ ನಿಲ್ಲುವ ವಸ್ತುವೇ ಅಲ್ಲ. ಅದರ ಸೆಟ್ಟಿಂಗ್‌ಗಳು, ಯಾವ ಮೇಲ್‌ಬಾಕ್ಸ್ ಯಾರದು ಎಂಬ ವಿವರ, ಎಲ್ಲ ಇರುವುದು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ. 2017ರ ಜೂನ್ 27ರಂದು ನಾಟ್‌ಪೆಟ್ಯಾ ದಾಳಿಯಾದಾಗ ಡೆನ್ಮಾರ್ಕಿನ ಹಡಗು ಕಂಪನಿ ಮಾರ್ಸ್ಕ್‌ಗೆ ಇದು ಕಹಿಯಾಗಿ ತಿಳಿಯಿತು. ಬಿಡಿ ಸರ್ವರ್‌ಗಳ ಬ್ಯಾಕಪ್ ಕೆಲವು ದಿನ ಹಳೆಯದಾದರೂ ಇತ್ತು. ಡೊಮೇನ್ ಕಂಟ್ರೋಲರ್‌ಗಳದ್ದು ಇರಲಿಲ್ಲ. ಸುಮಾರು 150 ಇವೆ, ಒಂದಕ್ಕೊಂದು ನಕಲು ಮಾಡಿಕೊಳ್ಳುತ್ತಿರುತ್ತವೆ, ಎಲ್ಲವೂ ಒಟ್ಟಿಗೆ ಹೋಗುತ್ತವೆಯೇ ಎಂದುಕೊಂಡಿದ್ದರು. ಒಟ್ಟಿಗೇ ಹೋದವು. ಉಳಿದದ್ದು ಘಾನಾದ ಕಚೇರಿಯಲ್ಲಿ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್‌ನಿಂದ ಹೊರಗಿದ್ದುದರಿಂದ. ಅಲ್ಲಿನ ಇಂಟರ್ನೆಟ್ ನಿಧಾನ, ರಿಕವರಿ ನಡೆಯುತ್ತಿದ್ದ ಬ್ರಿಟನ್ನಿಗೆ ಬರಲು ಅಲ್ಲಿನ ಸಿಬ್ಬಂದಿಗೆ ವೀಸಾ ಇಲ್ಲ. ಒಬ್ಬರು ಹಾರ್ಡ್‌ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿದರು, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತರು, ಅವರು ಲಂಡನ್ನಿಗೆ ಒಯ್ದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಪಿಸಿಗಳನ್ನು ಮತ್ತೆ ಕಟ್ಟಿದೆವು ಎಂದು ಮುಂದಿನ ಜನವರಿಯಲ್ಲಿ ಅದರ ಅಧ್ಯಕ್ಷರು ದಾವೋಸ್‌ನಲ್ಲಿ ಹೇಳಿದರು. ಆ ಹತ್ತು ದಿನದ ಹಿಂದೆ ಎಷ್ಟು ಜನರ ನಿದ್ದೆ ಹೋಗಿದೆಯೋ.

ಹೀಗಾಗಿ ಸರ್ವರ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಕ್ರಮವನ್ನು ಬರೆದಿಡು. ಮೊದಲು ಡೊಮೇನ್ ಕಂಟ್ರೋಲರ್ ಮತ್ತು ಡಿಎನ್‌ಎಸ್, ಆಮೇಲೆ ಇಆರ್‌ಪಿ ಡೇಟಾಬೇಸೋ ಮೇಲೋ ಎಂಬುದನ್ನು ನಿಮ್ಮ ಎಂಡಿ ಮತ್ತು ಪ್ಲಾಂಟ್ ಮ್ಯಾನೇಜರ್ ಕೂತು ತೀರ್ಮಾನಿಸಲಿ. ಕಾಗದದಲ್ಲಿ ಪ್ರಿಂಟ್ ತೆಗೆದು ಇಡು. ಸರ್ವರ್ ಬಿದ್ದಾಗ ಶೇರ್ಡ್ ಫೋಲ್ಡರ್‌ನಲ್ಲಿರುವ ಕೈಪಿಡಿ ತೆರೆಯುವುದಿಲ್ಲ. ಬ್ಯಾಕಪ್ಪಿನ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಅದೇ ಬ್ಯಾಕಪ್ಪಿನೊಳಗೆ ಭದ್ರವಾಗಿ ಕೂತಿರುವುದನ್ನು ನಾನು ಕಂಡದ್ದುಂಟು.

ಬಾಸ್ ಹತ್ತಿರ ದುಡ್ಡು ಕೇಳಲು ಹೋದಾಗ ತಂತ್ರಜ್ಞಾನದ ಭಾಷೆ ಬೇಡ. ಎರಡೇ ಪ್ರಶ್ನೆ ಕೇಳು: ಎಷ್ಟು ಹೊತ್ತಿನ ಕೆಲಸ ಕಳೆದುಕೊಂಡರೆ ನಡೆದೀತು? ಎಷ್ಟು ಹೊತ್ತು ನಿಂತರೆ ನಡೆದೀತು? ಉತ್ತರ ಬಂದಮೇಲೆ ಲೆಕ್ಕ ತೋರಿಸು. 2 ಟಿಬಿ ಡೇಟಾವನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ವಾಪಸ್ ತರಲು ಐದೂವರೆ ಗಂಟೆ ಬೇಕು, ಅದೂ ಯಾವ ಅಡ್ಡಿಯೂ ಇಲ್ಲದಿದ್ದರೆ. ಹೊಸ ಸರ್ವರ್ ಹೊಂದಿಸುವ ಹೊತ್ತು ಬೇರೆ. ಕ್ಲೌಡ್‌ನಿಂದ 100 ಎಂಬಿಪಿಎಸ್ ಲೈನ್‌ನಲ್ಲಿ ತರುವುದಾದರೆ ಅದೇ ಡೇಟಾಕ್ಕೆ ಸುಮಾರು ಎರಡು ದಿನ. "ಎರಡು ಗಂಟೆಯಲ್ಲಿ ಬೇಕು" ಎನ್ನುವ ಬಾಸ್‌ಗೆ ಈ ಅಂಕಿ ಸಾಕು. ಕಾನೂನಿನ ಮಾತೂ ಇದೆ: 2022ರ ಆಗಸ್ಟ್‌ನಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮದ ಪ್ರಕಾರ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನವೂ ಆಗಬೇಕು. ನಿಮ್ಮ ಟ್ಯಾಲಿಯೂ ಅದರಲ್ಲಿ ಬಂತು. ಯಾರೋ ಪೆನ್‌ಡ್ರೈವ್‌ನಲ್ಲಿ ಶನಿವಾರ ಶನಿವಾರ ತೆಗೆದುಕೊಂಡು ಹೋಗುತ್ತಾರೆ ಎಂದು ನೀನು ಹೇಳಿದ್ದು ಸಾಲದು.

ನಿಮ್ಮದು ಎಕ್ಸ್‌ಚೇಂಜ್ 2019 ಎಂದೆಯಲ್ಲ, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮುಂದೆ ಕ್ಲೌಡ್‌ಗೆ ಹೋಗುವ ಮಾತು ಬಂದೇ ಬರುತ್ತದೆ. ಹೋಗಿ, ತಪ್ಪಿಲ್ಲ. ಆದರೆ ಅಲ್ಲಿಯೂ ಅಳಿಸಿದ ಮೇಲ್ ಡೀಫಾಲ್ಟ್ ಆಗಿ 14 ದಿನ, ಹೆಚ್ಚೆಂದರೆ 30 ದಿನ ಮಾತ್ರ ಸಿಗುತ್ತದೆ. ಕೆಲಸ ಬಿಟ್ಟವರ ಮೇಲ್‌ಬಾಕ್ಸ್ ಅಳಿಸಿದರೆ 30 ದಿನ. ಆರು ತಿಂಗಳ ನಂತರ ಲೇಬರ್ ಕೋರ್ಟಿನಿಂದಲೋ ಜಿಎಸ್‌ಟಿ ಕಚೇರಿಯಿಂದಲೋ ನೋಟಿಸ್ ಬಂದಾಗ ಆ ಮೇಲ್ ಬೇಕಾದರೆ ರಿಟೆನ್ಷನ್ ಪಾಲಿಸಿ ಹಾಕಿಸಿರಬೇಕು, ಇಲ್ಲವೇ ಬೇರೆ ಬ್ಯಾಕಪ್ ಇರಬೇಕು. ಸರ್ವರ್ ನೋಡಿಕೊಳ್ಳುವುದು ಅವರ ಪಾಲು, ಡೇಟಾ ನಿಮ್ಮ ಪಾಲಿಗೇ ಉಳಿಯುತ್ತದೆ.

ಈ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಒಂದು ಕೆಲಸ ಮಾಡು. ಮೂಲೆಯಲ್ಲಿರುವ ಹಳೆಯ ಸರ್ವರ್ ಒಂದನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಇಆರ್‌ಪಿ ಡೇಟಾಬೇಸನ್ನು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಹೇಗಿತ್ತೋ ಹಾಗೆ ಅದರ ಮೇಲೆ ನಿಲ್ಲಿಸು. ಸ್ಟೋರ್ಸ್‌ನ ಒಬ್ಬರನ್ನು ಕರೆದು ಕೂರಿಸಿ, ಅವರು ಮಾಡಿದ ಕೊನೆಯ ಜಿಆರ್‌ಎನ್ ಕಾಣುತ್ತದೆಯೇ ಕೇಳು. ಸರಿಯಾಗಿದೆ ಎಂದು ಹೇಳಬೇಕಾದವರು ಅವರು. ಪರ್ಚೇಸ್‌ನವರ ಒಂದು ಮೇಲ್‌ಬಾಕ್ಸನ್ನು ರಿಕವರಿ ಡೇಟಾಬೇಸಿನಿಂದ ಎತ್ತಿ ನೋಡು. ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವ ಪಾಸ್‌ವರ್ಡ್ ಸಿಗಲಿಲ್ಲ, ಎಷ್ಟು ಹೊತ್ತು ಹಿಡಿಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೋ. ಮೊದಲ ಸಲ ಆಗದೇ ಹೋದೀತು. ಆಗಲಿಲ್ಲವೆಂದು ಶನಿವಾರ ಗೊತ್ತಾದರೆ ಅದು ಲಾಭವೇ.

ಸಿಕ್ಕಿಹಾಕಿಕೊಂಡರೆ ಹೊತ್ತು ನೋಡದೆ ನನಗೆ ಫೋನ್ ಮಾಡು. ಬರೆದುಕೊಂಡದ್ದರ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸು, ಸಮಯದ ಲೆಕ್ಕ ಮಾತ್ರ ಮರೆಯದೆ ಇರಲಿ. ಬಾಸ್‌ಗೆ ಕೊಡುವ ಕಾಗದವನ್ನು ಇಬ್ಬರೂ ಕೂತು ಬರೆಯೋಣ.

ಇಂತಿ ನಿನ್ನ ಪ್ರೀತಿಯ
ಸೋದರಮಾವ
ಮೈಸೂರು